ಉಪ್ಪು ಕಟ್ಟದ ಕುಂಡ

“ಎಂಟು ಗಿಡ ಸಾಯೋಕೆ ಕೂತಿವೆ. ಒಂಬತ್ತನೇದು ಮಾತ್ರ ಮದುಮಗಳ ಹಾಗೆ ನಿಂತಿದೆ. ಇದೇನಮ್ಮ ಪಂಕ್ತಿಭೇದ?”

ಜರಡಿಯಮ್ಮ ಕಿಟಕಿಯ ಹಲಗೆಗೆ ಮೂಗು ತಾಗುವಷ್ಟು ಬಾಗಿ ಕೇಳಿದಳು. ಕನ್ನಡಕ ಎಂದಿನಂತೆ ಕಣ್ಣನ್ನು ಬಿಟ್ಟು ಹಣೆಯ ಮೇಲಿತ್ತು. ನೀರು ಸರಬರಾಜು ಇಲಾಖೆಯ ಪರೀಕ್ಷಾಲಯದಲ್ಲಿ ಇಪ್ಪತ್ತಾರು ವರ್ಷ ಸೀಸೆ ಅಲ್ಲಾಡಿಸಿ ನಿವೃತ್ತಳಾಗಿ, ಈಗ ಕಳೆದುಹೋದ ಮನುಷ್ಯರನ್ನು ಹುಡುಕುತ್ತಿದ್ದಳು. ಹೇಳಿದ್ದನ್ನೆಲ್ಲ ಸೋಸುತ್ತಾಳೆಂದು ಇಟ್ಟ ಅಡ್ಡಹೆಸರು ಈಗ ಬಾಗಿಲ ಫಲಕವನ್ನೂ ಏರಿತ್ತು. ಅವಳಿಗೆ ಮನುಷ್ಯರಿಗಿಂತ ನೀರಿನ ಮೇಲೆ ನಂಬಿಕೆ ಹೆಚ್ಚು. ನೀರು ಹೇಳಿಕೆ ಬದಲಾಯಿಸುವುದಿಲ್ಲ.

“ಅದು ಗಟ್ಟಿ ಜೀವ ಅಂದ್ಕೊಂಡಿದ್ದೆ,” ಎಂದಳು ಆ ಮನೆಯ ಹೊಲಿಗೆಯಾಕೆ. ಕೊರಳಲ್ಲಿ ಅಳತೆಪಟ್ಟಿ ಜೋತುಬಿದ್ದಿತ್ತು. ಅದನ್ನು ತೆಗೆದಿಡುವುದೂ ಅವಳಿಗೆ ಮರೆತುಹೋಗಿ ವರ್ಷವಾಗಿರಬೇಕು.

ಗಡಿಯಾರ ರಿಪೇರಿಯ ಅವಳ ಗಂಡ ಹದಿನಾಲ್ಕು ತಿಂಗಳ ಹಿಂದೆ ಒಂದು ಸ್ಪ್ರಿಂಗ್ ತರುತ್ತೇನೆಂದು ಹೋದವನು ಬಂದಿರಲಿಲ್ಲ. ಸ್ಕೂಟರ್ ಸೇತುವೆಯ ಮೇಲೆ ಸಿಕ್ಕಿತ್ತು. ಐದು ವಾರದ ಮೇಲೆ ನದಿಯಲ್ಲೊಂದು ಹೆಣ ಸಿಕ್ಕಿತು. ಮುಖ ಗುರುತು ಹಿಡಿಯುವ ಹಾಗಿರಲಿಲ್ಲ. ತಮ್ಮನಾದವನು ಬೆಲ್ಟು ನೋಡಿ ಅಣ್ಣನೇ ಎಂದ. ಹೆಂಡತಿ ಮಾತ್ರ, “ಬೆಲ್ಟು ಅವರ ಥರದ್ದೇ, ಭುಜ ಅವರದ್ದಲ್ಲ. ಅವರದು ಹದಿನೇಳೂವರೆ ಇಂಚು. ಇದು ಹತ್ತೊಂಬತ್ತಿದೆ,” ಎಂದು ಗುರುತು ಒಪ್ಪುವ ಕಾಗದಕ್ಕೆ ಸಹಿ ಹಾಕದೆ ಎದ್ದು ಬಂದಿದ್ದಳು.

ಕಾಗದ ಅಂದಿನಿಂದ ಸಹಿಗೆ ಕಾಯುತ್ತಿತ್ತು, ಅವಳು ಗಂಡನಿಗೆ. ಕೊನೆಗೆ ಸುಸ್ತಾದದ್ದು ಅವಳಿಗೇ. ಇವತ್ತು ಹನ್ನೆರಡು ಗಂಟೆಗೆ ಮೈದುನ ಕಾಗದ ತಂದರೆ ಸಹಿ ಹಾಕುತ್ತೇನೆಂದು ಒಪ್ಪಿಕೊಂಡಿದ್ದಳು. ಆಮೇಲೆ ಮನಸ್ಸು ತಡೆಯದೆ ಬೆಳಿಗ್ಗೆ ಒಂಬತ್ತಕ್ಕೆ ಮನೆಗೆ ಬೀಗ ಹಾಕಿ ಹೋಗಿ, ಜರಡಿಯಮ್ಮನನ್ನು ಕರೆದುಕೊಂಡು ಹನ್ನೊಂದಕ್ಕೆ ಮರಳಿದ್ದಳು. “ಸಹಿ ಹಾಕೋ ಮುಂಚೆ ಒಂದ್ಸಲ ಮನೆ ನೋಡಿಬಿಡಿ. ಆಮೇಲೆ ನಾನು ಹಟ ಮಾಡಲ್ಲ.”

ಮನೆ ನೋಡುವುದೆಂದರೆ ಬೀರು ತೆರೆಯುವುದು ಎಂದುಕೊಂಡಿದ್ದವಳಿಗೆ, ಈ ಹೆಂಗಸು ಬಂದು ಅರ್ಧಗಂಟೆಯಾದರೂ ಕುಂಡಗಳ ಮುಂದಿನಿಂದ ಕದಲದಿದ್ದದ್ದು ವಿಚಿತ್ರವಾಗಿತ್ತು.

ಎಂಟು ಮಣ್ಣಿನ ಕುಂಡಗಳ ಅಂಚಿಗೂ ಹಳೆ ಗೋಡೆಗೆ ಬರುವಂಥ ಬಿಳಿ ಪೊರೆ. ಮಣ್ಣಿನ ಮೇಲೂ ಅದೇ, ಚಮಚ ತಾಗಿಸಿದರೆ ಟಕ್ಕೆನ್ನುವಷ್ಟು ಗಟ್ಟಿ. ಎಲೆಗಳ ತುದಿ ಇಸ್ತ್ರಿಪೆಟ್ಟಿಗೆ ಸೋಕಿದ ಹಾಗೆ ಕಂದಿತ್ತು.

“ಯಾವ ನೀರು ಹಾಕ್ತೀಯ?”

“ಅಡುಗೆಮನೆ ಫಿಲ್ಟರ್‌ದು.”

“ಫಿಲ್ಟರ್ ಕೊಡೋ ನೀರೋ, ಬಿಡೋ ನೀರೋ?”

“ಬಿಡೋದು. ಪಕ್ಕದ ಪೈಪಲ್ಲಿ ಸುಮ್ಮನೆ ಹೋಗುತ್ತಲ್ಲಮ್ಮ. ಪೋಲಾಗೋದ್ಯಾಕೆ ಅಂತ ಬಕೆಟ್ಟಿಗೆ ಹಿಡಿದಿಡ್ತೀನಿ.”

ಜರಡಿಯಮ್ಮ ಕಣ್ಣು ಮುಚ್ಚಿಕೊಂಡಳು. “ನಿನಗೆ ಬೇಡ ಅಂತ ಆ ಯಂತ್ರ ತೆಗೆದಿಟ್ಟ ಉಪ್ಪೆಲ್ಲ ಆ ಪೈಪಲ್ಲೇ ಹೋಗೋದು ತಾಯಿ. ನಿನ್ನ ಪಾಲಿನದನ್ನೂ ಗಿಡಕ್ಕೇ ಕುಡಿಸಿದ್ದೀಯ. ಮೇಲಿಂದ ಹಾಕ್ತೀಯಾ?”

“ಇಲ್ಲ, ಕೆಳಗಿನ ತಟ್ಟೆಗೆ. ಪಕ್ಕದಲ್ಲೇ ಗಿರಾಕಿಗಳ ಬಟ್ಟೆ ಇರುತ್ತೆ, ಚೆಲ್ಲಿದ್ರೆ ಕಷ್ಟ.”

“ಸರಿಹೋಯ್ತು. ನೀರು ಬುಡದಿಂದ ಹತ್ತಿ ಮೇಲಿಂದ ಆವಿಯಾಗಿ ಹೋಗುತ್ತೆ. ಉಪ್ಪಿಗೆ ಹಾರೋಕೆ ಬರಲ್ಲ, ಅಲ್ಲೇ ಕೂರುತ್ತೆ. ತುದಿ ಸುಟ್ಟಾಗ ಏನು ಮಾಡ್ದೆ?”

“ಹಸಿವೇನೋ ಅಂತ ಗೊಬ್ಬರ ಜಾಸ್ತಿ ಮಾಡ್ದೆ. ಆ ನೀಲಿ ಹರಳು, ವಾರಕ್ಕೊಂದು ಚಮಚ. ಆಮೇಲೆ ಎರಡು.”

“ಅದೂ ಉಪ್ಪೇ.”

ಹೊಲಿಗೆಯಾಕೆ ಅಳತೆಪಟ್ಟಿಯ ಎರಡೂ ತುದಿ ಹಿಡಿದುಕೊಂಡಳು. “ಅವರು ಬಂದಾಗ ಗಿಡ ಚೆನ್ನಾಗಿರ್ಲಿ ಅಂತ ಮಾಡಿದ್ದು.”

“ಗೊತ್ತಾಯ್ತು. ಗಿಡಕ್ಕೆ ಗೊತ್ತಾಗಿಲ್ಲ ಅಷ್ಟೆ.” ಮಾತು ಒರಟಾಯಿತೆನ್ನಿಸಿ ಜರಡಿಯಮ್ಮ ದನಿ ತಗ್ಗಿಸಿದಳು. “ಇನ್ನೂ ಸತ್ತಿಲ್ಲ ಬಿಡು. ಮೇಲಿನ ಪೊರೆ ಕೆರೆದು ತೆಗೀಬೇಕು, ಅರ್ಧ ಬೆರಳಿನ ದಪ್ಪಕ್ಕಿಂತ ಆಳ ಬೇಡ. ಆಮೇಲೆ ಕುಂಡ ಎಷ್ಟು ನೀರು ಹಿಡಿಯುತ್ತೋ ಅದರ ನಾಲ್ಕರಷ್ಟು ಒಳ್ಳೆ ನೀರು ಮೇಲಿಂದ ನಿಧಾನವಾಗಿ ಬಿಡಬೇಕು. ಕೆಳಗೆ ಬಂದ ನೀರನ್ನ ಕೂಡಲೇ ಚೆಲ್ಲಬೇಕು, ಗಿಡ ಅದನ್ನೇ ಮತ್ತೆ ಕುಡೀಬಾರದು. ನಾಲ್ಕು ತಿಂಗಳಿಗೊಂದ್ಸಲ ಹೀಗೆ ಮಾಡಿದ್ರೆ ಪೊರೆ ಕಟ್ಟೋದೇ ಇಲ್ಲ.”

ಹೊಲಿಗೆಯಾಕೆ ತಟ್ಟನೆ ತಲೆಯೆತ್ತಿದಳು. “ಅವರೂ ಹಂಗೇ ಮಾಡೋರು.”

“ಯಾರು?”

“ಇವರು. ನಾಲ್ಕು ತಿಂಗಳಿಗೊಂದು ಭಾನುವಾರ ಕುಂಡಗಳನ್ನೆಲ್ಲ ಬಚ್ಚಲಿಗೆ ಹೊತ್ಕೊಂಡು ಹೋಗೋರು. ಮಣ್ಣು ಹಳ್ಳ ಬೀಳದ ಹಾಗೆ ಒಂದು ತುಂಡು ಬಟ್ಟೆ ಹಾಸಿ, ಅದರ ಮೇಲೆ ನೀರು ಬಿಡೋದು. ನಾಲ್ಕು ಸುತ್ತು, ನಡುವೆ ಹತ್ತತ್ತು ನಿಮಿಷ. ಕೈಗಡಿಯಾರ ಬಿಚ್ಚಿ ಕುಂಡದ ಅಂಚಿನ ಮೇಲೆ ಇಟ್ಕೊಂಡು ಕಾಯೋರು. ‘ಏನ್ರೀ, ಗಿಡಕ್ಕೂ ಟೈಮ್ ತೋರಿಸ್ತೀರಾ’ ಅಂತ ನಾನು ನಗ್ತಿದ್ದೆ. ಸುಮ್ಮನೆ ಸ್ನಾನ ಮಾಡಿಸ್ತಾರೆ ಅಂದ್ಕೊಂಡಿದ್ದೆ. ಯಾಕೆ ಅಂತ ಒಂದ್ಸಲಾನೂ ಕೇಳಲಿಲ್ಲ.”

ಜರಡಿಯಮ್ಮ ಒಂಬತ್ತನೆಯ ಕುಂಡವನ್ನು ಎರಡೂ ಕೈಯಲ್ಲಿ ಎತ್ತಿದಳು. ಉದ್ದನೆಯ ಪಟ್ಟೆ ಎಲೆಗಳ ಜೇಡಗಿಡ, ಸುತ್ತಲೂ ತಂತಿಯಂಥ ಕಾಂಡಗಳ ತುದಿಯಲ್ಲಿ ಮರಿಗಳು ನೇತಾಡುತ್ತಿದ್ದವು. ಕುಂಡ ಕಲ್ಲಿನಂತೆ ಭಾರ. ತಳದ ತೂತಿನಿಂದ ಎರಡು ಹನಿ ಅವಳ ಪಾದದ ಮೇಲೆ ಬಿದ್ದವು. ಕೆಳಗಿನ ತಟ್ಟೆ ಮಾತ್ರ ಒರೆಸಿಟ್ಟಂತೆ ಒಣಗಿತ್ತು.

“ಇದಕ್ಕೆ ನೀರು ಯಾವಾಗ ಹಾಕಿದ್ದು?”

“ಮೊನ್ನೆ. ಎಲ್ಲದರ ಜೊತೆ, ತಟ್ಟೆಗೆ.”

“ಇದನ್ನ ತೊಳೆದು ಎರಡು ಗಂಟೆ ಆಗಿಲ್ಲಮ್ಮ.” ಅವಳು ಅಂಚನ್ನು ಉಗುರಿನಿಂದ ಗೀರಿದಳು. ಕೆಂಪು ಮಣ್ಣು, ಬಿಳಿಯ ಒಂದು ಕಣವೂ ಇಲ್ಲ. “ಇವತ್ತೊಂದೇ ಸಲವೂ ಅಲ್ಲ. ಹದಿನಾಲ್ಕು ತಿಂಗಳ ಉಪ್ಪು ಮಣ್ಣಿನ ಕುಂಡದ ಮೈಯೊಳಗೆ ಇಳಿದಿರುತ್ತೆ, ಒಂದು ಸ್ನಾನಕ್ಕೆ ಬಿಡಲ್ಲ. ಯಾರೋ ತಪ್ಪದೆ ಬಂದು ತೊಳೆದಿದ್ದಾರೆ. ಈ ಪದ್ಧತಿ ಯಾರಿಗೆ ಗೊತ್ತು?”

“ಅವರೊಬ್ಬರಿಗೇ.”

“ಇದೊಂದೇ ಗಿಡ ಯಾಕೆ?”

ಹೊಲಿಗೆಯಾಕೆ ಎಲೆಯೊಂದನ್ನು ಬೆರಳಿನಿಂದ ನೇವರಿಸಿದಳು. ಹತ್ತೊಂಬತ್ತು ವರ್ಷದ ಹಿಂದೆ ನಿಂತ ಗಡಿಯಾರ ಹಿಡಿದು ಅವನ ಅಂಗಡಿಗೆ ಹೋಗಿದ್ದಳು. ವಾರ ಬೇಕು ಎಂದಿದ್ದ. ಅಲ್ಲಿಯವರೆಗೆ ಬರಿಗೈಯಲ್ಲಿ ಕಳಿಸುವುದು ಹೇಗೆಂದು, ತನ್ನ ಮೇಜಿನ ಮೇಲಿದ್ದ ಗಿಡದ ಮರಿಯೊಂದನ್ನು ಕತ್ತರಿಸಿ, ಚಹಾ ಲೋಟದಲ್ಲಿ ನೀರು ಹಾಕಿ ನಿಲ್ಲಿಸಿ ಕೊಟ್ಟಿದ್ದ. “‘ಗಡಿಯಾರ ಸಿಗೋವರೆಗೆ ಇದನ್ನ ನೋಡ್ಕೊಳ್ಳಿ’ ಅಂದ್ರು. ಲೋಟ ವಾಪಸ್ ಕೊಡೋಕೆ ಹೋದೆ. ಆಮೇಲೆ ಹೋಗ್ತಾನೇ ಇದ್ದೆ. ಇದು ಆ ಮರಿ.”

“ಹಾಗಾದ್ರೆ ನಿನ್ನ ಗಂಡ ಬದುಕಿದ್ದಾನೆ,” ಎಂದಳು ಜರಡಿಯಮ್ಮ.

ಪರೀಕ್ಷಾಲಯದಲ್ಲಿ ಒಂದು ಮಾದರಿಯನ್ನು ಎರಡು ಸಲ ನೋಡದೆ ಅವಳು ಫಲಿತಾಂಶ ಬರೆದವಳಲ್ಲ. ಇವತ್ತು ಬರೆದುಬಿಟ್ಟಿದ್ದಳು.

ಹೊಲಿಗೆಯಾಕೆಗೆ ಅಳು ಬರುತ್ತದೆ, ಇಲ್ಲವೇ ನಗು ಬರುತ್ತದೆ ಎಂದು ಕಾದಳು. ಎರಡೂ ಬರಲಿಲ್ಲ. ಹೊಲಿಗೆಯಾಕೆ ಮಂಚದ ಕೆಳಗೆ ಜೋಡಿಸಿಟ್ಟ ಗಂಡಸಿನ ಚಪ್ಪಲಿಗಳನ್ನು ನೋಡಿದಳು, ಬಾಗಿಲ ಹಿಂದಿನ ಗೂಟದಲ್ಲಿದ್ದ ಅಂಗಿಯನ್ನು ನೋಡಿದಳು.

“ಅಂದ್ರೆ ಅವರು ಇಲ್ಲಿಗೆ ಬಂದಿದ್ರು,” ಎಂದಳು ಮೆಲ್ಲಗೆ. “ಇದನ್ನೆಲ್ಲ ನೋಡಿದ್ರು. ನಾನು ಇನ್ನೂ ಎತ್ತಿಟ್ಟಿಲ್ಲ ಅಂತ ಗೊತ್ತಾಯ್ತು. ಗಿಡ ತೊಳೆದ್ರು, ತಟ್ಟೆ ಒರೆಸಿದ್ರು, ಹೋದ್ರು. ಗಿಡವನ್ನ ನೋಡೋಕೆ ಬಂದ್ರು ಅಮ್ಮ. ನನ್ನನ್ನಲ್ಲ.”

ಜರಡಿಯಮ್ಮ ಕನ್ನಡಕವನ್ನು ಹಣೆಯಿಂದ ಕಣ್ಣಿಗಿಳಿಸಿದಳು, ಮತ್ತೆ ಹಣೆಗೇರಿಸಿದಳು. ಇಂಥ ಹೊತ್ತಿನಲ್ಲಿ ಹೇಳುವಂಥದ್ದನ್ನು ಅವಳಿಗೆ ಯಾವ ಇಲಾಖೆಯೂ ಕಲಿಸಿರಲಿಲ್ಲ. ಗೊತ್ತಿದ್ದದ್ದು ಕೇಳುವುದೊಂದೇ.

“ಬೀಗ ಒಡೆದಿಲ್ಲ. ಕೀಲಿ ಎಷ್ಟಿವೆ?”

“ಎರಡು. ಒಂದು ನನ್ನ ಹತ್ತಿರ, ಇನ್ನೊಂದು ಮೈದುನನ ಹತ್ತಿರ. ಇವರು ಮನೇಲೇ ಬಿಟ್ಟು ಹೋಗಿದ್ದ ಕೀಲಿ ಅದು, ಹೊತ್ತುಗೊತ್ತಿಗೆ ಇರ್ಲಿ ಅಂತ ಆಮೇಲೆ ಕೊಟ್ಟಿದ್ದು. ಅದಕ್ಕೆ ಮುಂಚೆ ಅವನು ಈ ಮನೆ ಹೊಸಿಲು ತುಳಿದವನಲ್ಲ. ಅಣ್ಣ ತಮ್ಮ ಮಾತು ಬಿಟ್ಟು ಆರು ವರ್ಷ ಆಗಿತ್ತು.”

ಆಗಲೇ ಕರೆಗಂಟೆ ಸದ್ದು ಮಾಡಿತು.

ಮೈದುನ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವವನು. ಒಳಗೆ ಬಂದವನು ಅಭ್ಯಾಸಬಲದಿಂದ ಕೋಣೆಯಲ್ಲಿ ಎಷ್ಟು ಜನರಿದ್ದಾರೆಂದು ಎಣಿಸಿದ. ಒಬ್ಬರು ಹೆಚ್ಚಾಗಿದ್ದರು. ಗಡ್ಡ ನಾಲ್ಕು ದಿನದ್ದು, ಕಣ್ಣು ಕೆಂಪು, ಕಂಕುಳಲ್ಲಿ ಕಾಗದದ ಚೀಲ.

“ಇವರ್ಯಾರು ಅತ್ತಿಗೆ?”

“ಗಿಡದ ಡಾಕ್ಟರ್ ಅಂದ್ಕೊಳ್ಳಪ್ಪ,” ಎಂದಳು ಜರಡಿಯಮ್ಮ. “ನಿನ್ನ ಕಾಗದಕ್ಕೆ ಅರ್ಧಗಂಟೆ ತಡೆಯೋಕೆ ಆಗುತ್ತಲ್ಲ? ನನ್ನ ರಟ್ಟೆಯಲ್ಲಿ ಬಲ ಇಲ್ಲ. ಈ ಕುಂಡ ಒಂದನ್ನ ಬಚ್ಚಲಿಗೆ ತಗೊಂಡು ಬಾ. ಅಮ್ಮಾ, ನೀನು ಹೋಗಿ ಚಹಾಕ್ಕೆ ಇಡು.”

ಹೊಲಿಗೆಯಾಕೆ ಅಡುಗೆಮನೆಗೆ ಹೋದಳು. ಲೋಟಗಳ ಸದ್ದು ಕೇಳಿತು. “ಬೆಳಿಗ್ಗೆ ಆರನ್ನೂ ತೊಳೆದು ಬೋರಲು ಹಾಕಿದ್ದೆ. ಐದೇ ಇವೆಯಲ್ಲ,” ಎಂದು ತನ್ನಷ್ಟಕ್ಕೆ ಗೊಣಗಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೈದುನ ಉಪ್ಪು ಕಟ್ಟಿದ ಕುಂಡವೊಂದನ್ನು ಬಚ್ಚಲಲ್ಲಿ ಇಳಿಸಿದ. ಜರಡಿಯಮ್ಮ ಅವನ ಕೈಗೊಂದು ಚಮಚ ಕೊಟ್ಟು, ಹೊಸಿಲ ಮೇಲೆ ಕೂತು, ಮಾತಿಗೆ ಶುರುವಿಟ್ಟುಕೊಂಡಳು. ಬಸ್ಸಿನಲ್ಲಿ ಟಿಕೆಟ್ ಇಲ್ಲದವರು ಏನೇನು ಸುಳ್ಳು ಹೇಳುತ್ತಾರೆ? ತಪಾಸಣೆಯವನಿಗೆ ಆ ಪ್ರಶ್ನೆ ಕೇಳಿದರೆ ಬಾಯಿಗೆ ಕೆಲಸ ಸಿಗುತ್ತದೆ, ಕೈ ತನ್ನ ಪಾಡಿಗೆ ತಾನಿರುತ್ತದೆ.

“ಒಬ್ಬ ಹೇಳಿದ, ಆಡು ತಿಂದುಬಿಡ್ತು ಅಂತ. ಬಸ್ಸಲ್ಲಿ ಆಡೆಲ್ಲಿತ್ತು ಅಂದ್ರೆ, ಹಿಂದಿನ ಸ್ಟಾಪಲ್ಲಿ ಇಳೀತು ಅಂತಾನೆ ಮೇಡಂ.”

ಅವನು ನಗಲಿಲ್ಲ. ಅವಳೂ ನಗಲಿಲ್ಲ, ಅವನ ಕೈಯನ್ನೇ ನೋಡುತ್ತಿದ್ದಳು.

ಕೈ ಬಿಳಿ ಪೊರೆಯನ್ನು ಅರ್ಧ ಬೆರಳಿನಷ್ಟು ಕೆರೆದು ಹಳೆ ಪತ್ರಿಕೆಯ ಮೇಲೆ ಹಾಕಿತು. ಬೇರು ಮುಟ್ಟಲಿಲ್ಲ. ಕೈ ಸುತ್ತಲೂ ತಡಕಿ, ಬಾಗಿಲ ಬಳಿಯ ಬುಟ್ಟಿಯಿಂದ ಬಟ್ಟೆಯ ಚೂರೊಂದನ್ನು ತೆಗೆದು ಮಣ್ಣಿನ ಮೇಲೆ ಹಾಸಿತು. ಚೊಂಬಿನ ನೀರನ್ನು ಬಟ್ಟೆಯ ಮೇಲೆ ನೂಲಿನಂತೆ ಬಿಟ್ಟಿತು. ಆಮೇಲೆ ಆ ಕೈ, ಯಜಮಾನನನ್ನು ಕೇಳದೆಯೇ, ಇನ್ನೊಂದು ಕೈಯ ಗಡಿಯಾರ ಬಿಚ್ಚಿ ಕುಂಡದ ಅಂಚಿನ ಮೇಲಿಟ್ಟಿತು.

“ಗಡಿಯಾರ ಯಾಕಪ್ಪ ಅಲ್ಲಿ?”

ಚೊಂಬು ಗಾಳಿಯಲ್ಲೇ ನಿಂತಿತು.

“ನಾನು ನಿನಗೆ ಬಟ್ಟೆ ಹಾಸು ಅನ್ನಲಿಲ್ಲ. ಹತ್ತು ನಿಮಿಷ ಕಾಯಿ ಅನ್ನಲಿಲ್ಲ. ಅರ್ಧ ಬೆರಳು ಅಂತಲೂ ಅನ್ನಲಿಲ್ಲ. ಆರು ವರ್ಷ ಅಣ್ಣನ ಮುಖ ನೋಡದವನಿಗೆ ಇದನ್ನ ಕಲಿಸಿದವರ್ಯಾರು?”

ಜೀವಮಾನವಿಡೀ ಟಿಕೆಟ್ ಇಲ್ಲದವರ ಮುಖ ನೋಡಿದವನ ಮುಖ ಈಗ ಅವರದೇ ಮುಖದ ಹಾಗಾಯಿತು. ಅವನ ಹತ್ತಿರ ಆಡಿನ ಕತೆಯೂ ಇರಲಿಲ್ಲ.

“ಹೊಳೇಲಿ ಸಿಕ್ಕಿದ್ದು ಯಾರು ಅಂತ ನನಗೆ ಗೊತ್ತಿಲ್ಲ ಮೇಡಂ,” ಎಂದ. “ಅಣ್ಣ ಅಲ್ಲ ಅನ್ನೋದು ಗೊತ್ತಿತ್ತು. ಆವತ್ತು ಅಣ್ಣ ನನ್ನ ಕೋಣೇಲೇ ಇದ್ದ.”

ಜರಡಿಯಮ್ಮ ಅಲ್ಲಾಡಲಿಲ್ಲ. ಬೆನ್ನ ಹಿಂದೆ ಚಹಾದ ವಾಸನೆ ಬಂದು ನಿಂತಿತ್ತು. ತಿರುಗಿ ನೋಡಬೇಕಾಗಿರಲಿಲ್ಲ.

“ಕೈ ನಡುಗೋಕೆ ಶುರುವಾಗಿತ್ತು ಅವನಿಗೆ. ಸ್ಕ್ರೂ ಹಿಡಿಯೋಕೆ ಆಗ್ತಿರಲಿಲ್ಲ. ಡಾಕ್ಟರು ಹೇಳಿದ್ರು, ಇದು ಇಳಿಯೋ ಕಾಯಿಲೆ ಅಲ್ಲ, ಮುಂದೆ ಚಮಚ ಹಿಡಿಯೋಕೂ ಆಗಲ್ಲ ಅಂತ. ಆರು ವರ್ಷದ ಜಗಳ ಮರೆತು ನನ್ನ ಬಾಗಿಲಿಗೆ ಬಂದ. ‘ಅವಳು ಅವಳ ಅಪ್ಪನಿಗೆ ಒಂಬತ್ತು ವರ್ಷ ತುತ್ತು ಹಾಕಿದ್ದಾಳೆ ಕಣೋ. ಎಡಗೈಲಿ ತುತ್ತು, ಬಲಗೈಲಿ ಸೂಜಿ. ನಾನು ಪಕ್ಕದಲ್ಲೇ ಕೂತು ನೋಡಿದ್ದೀನಿ. ಇನ್ನೊಂದು ಒಂಬತ್ತು ವರ್ಷ ಅವಳಿಗೆ ಕೊಡಲ್ಲ’ ಅಂದ. ‘ನಾನು ಸತ್ತೆ ಅಂತ ನಂಬಿಸಿಬಿಡು’ ಅಂತ ಆಣೆ ಹಾಕಿಸ್ಕೊಂಡ.”

“ಗಿಡ?”

“ಅದೊಂದನ್ನ ಬಿಡೋಕೆ ಆಗಲಿಲ್ಲ ಅವನಿಗೆ. ಹಾಸಿಗೇಲಿ ಕೂತ್ಕೊಂಡು ಖಾಲಿ ಪಾತ್ರೆ ಇಟ್ಟು ಕಲಿಸಿದ. ಮೂರು ಸಲ ಬಂದಿದ್ದೀನಿ, ಅತ್ತಿಗೆ ಬಟ್ಟೆ ಕೊಡೋಕೆ ಹೋದಾಗ. ವಾಪಸ್ ಹೋದ್ರೆ ಎಲೆ ಎಷ್ಟು ಬಂದಿದೆ, ಮರಿ ಎಷ್ಟು ಅಂತ ಕೇಳೋನು. ಆಮೇಲೆ ಚಪ್ಪಲಿ ಇನ್ನೂ ಮಂಚದ ಕೆಳಗೇ ಇದ್ಯಾ ಅಂತ ಕೇಳೋನು.”

“ಈಗ ಎಲ್ಲಿದ್ದಾರೆ?” ಹೊಲಿಗೆಯಾಕೆಯ ದನಿ. ಚಹಾದ ತಟ್ಟೆ ಕೈಯಲ್ಲೇ ಇತ್ತು, ಒಂದು ಹನಿಯೂ ತುಳುಕಿರಲಿಲ್ಲ.

ಮೈದುನ ಬಚ್ಚಲ ನೆಲದಲ್ಲೇ ಕುಸಿದು ಕೂತ. “ಅತ್ತಿಗೆ,” ಎಂದ. “ಮಂಗಳವಾರ ಬೆಳಿಗ್ಗೆ ಹೋಗಿಬಿಟ್ಟ. ಎದೇಲಿ ಕಫ ಕಟ್ಟಿತ್ತು. ನಾನೇ ಕಣ್ಣು ಮುಚ್ಚಿಸಿದೆ. ಹದಿಮೂರು ತಿಂಗಳು ಸುಳ್ಳು ಕಾಗದ ಹಿಡ್ಕೊಂಡು ಓಡಾಡ್ದೆ. ಈಗ ಮೂರು ದಿನದಿಂದ ಅದು ನಿಜ.”

ಬದುಕಿದ್ದಾನೆ ಎಂದು ತಾನು ಹೇಳಿ ಇನ್ನೂ ಒಂದು ಗಂಟೆಯಾಗಿಲ್ಲವೆಂದು ಜರಡಿಯಮ್ಮನಿಗೆ ನೆನಪಾಯಿತು. ಒಂದು ಗಂಟೆಗಾಗಿ ಒಬ್ಬ ಗಂಡನನ್ನು ಎಬ್ಬಿಸಿ ಕೂರಿಸಿದ್ದಳು. ಇನ್ನೊಂದು ಸಲ ಸೋಸಿದ್ದರೆ ಆ ಹೆಂಗಸು ಅವನನ್ನು ಒಂದೇ ಸಲ ಕಳೆದುಕೊಳ್ಳುತ್ತಿದ್ದಳು.

ಹೊಲಿಗೆಯಾಕೆ ತಟ್ಟೆಯನ್ನು ನೆಲಕ್ಕಿಟ್ಟಳು. ಕೊರಳಿನ ಅಳತೆಪಟ್ಟಿಯನ್ನು ಕೈಗೆ ತೆಗೆದುಕೊಂಡಳು.

“ಕೊನೆಗೆ ಭುಜ ಎಷ್ಟಿತ್ತು?”

ಮೈದುನನಿಗೆ ಅರ್ಥವಾಗಲಿಲ್ಲ.

“ಭುಜ ಕಣಯ್ಯ. ಈ ಕೊನೆಯಿಂದ ಈ ಕೊನೆಗೆ. ಸೊರಗಿರ್ತಾರಲ್ಲ.”

ಅವನು ಎರಡೂ ಅಂಗೈಗಳನ್ನು ಎದುರುಬದುರು ಹಿಡಿದು, ನಡುವಿನ ಜಾಗವನ್ನು ಸ್ವಲ್ಪ ಸ್ವಲ್ಪವೇ ಕಿರಿದು ಮಾಡಿ ನಿಲ್ಲಿಸಿದ. ಅವಳು ಬಾಗಿ, ಆ ಕೈಗಳ ನಡುವೆ ಪಟ್ಟಿ ಹಿಡಿದು ಅಳೆದಳು.

“ಹದಿನೈದು,” ಎಂದಳು. “ಗೂಟದಲ್ಲಿರೋ ಅಂಗಿ ದೊಗಳೆ ಆಗೋದು. ಹಿಡಿದು ಹೊಲಿದಿಡಬೇಕಾಗಿತ್ತು ನಾನು.”

ಆಗ ಅಳು ಬಂತು. ಸದ್ದಿಲ್ಲದೆ, ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ.

ಕುಂಡದ ಅಂಚಿನ ಗಡಿಯಾರ ಹತ್ತು ನಿಮಿಷ ತೋರಿಸಿ ಮುಂದೆ ಹೋಯಿತು. ಕೇಳಲೇಬೇಕಾದ ಒಂದು ಪ್ರಶ್ನೆ ಜರಡಿಯಮ್ಮನ ನಾಲಿಗೆಯ ಮೇಲೆ ಉಪ್ಪಿನಂತೆ ಕೂತಿತ್ತು.

“ತಪ್ಪು ತಿಳ್ಕೋಬೇಡಪ್ಪ. ಇವತ್ತು ಬೆಳಿಗ್ಗೆ ಯಾಕೆ ಬಂದೆ? ನಾಲ್ಕು ತಿಂಗಳಾಗೋಕೆ ಇನ್ನೂ ಎರಡು ತಿಂಗಳಿತ್ತಲ್ಲ.”

“ಬೆಳಿಗ್ಗೆ? ಬೆಳಿಗ್ಗೆ ನಾನು ಡಿಪೋದಲ್ಲಿದ್ದೆ. ಅಣ್ಣ ಹೋದ್ಮೇಲೆ ಈ ಗಿಡದ ಮುಂದೆ ನಿಲ್ಲೋ ಧೈರ್ಯ ನನಗಿಲ್ಲ.”

“ಕೀಲಿ ತೋರಿಸು.”

ಅವನ ಮುಖ ಬಣ್ಣಗೆಟ್ಟಿತು. “ನನ್ನ ಹತ್ತಿರ ಇಲ್ಲ. ಅಣ್ಣ ಅದನ್ನ ದಿಂಬಿನ ಕೆಳಗೆ ಇಟ್ಕೊಳ್ಳೋನು. ಬರೋ ದಿನ ಮಾತ್ರ ಕೊಡೋನು. ಮಂಗಳವಾರ ಹಾಸಿಗೆ ತೆಗೆದಾಗ… ದಿಂಬಿನ ಕೆಳಗೆ ಏನೂ ಇರಲಿಲ್ಲ ಮೇಡಂ.”

ಜರಡಿಯಮ್ಮ ಎದ್ದಳು, ಮೊಣಕಾಲು ಬೇಡವೆಂದರೂ. ಕಿಟಕಿಯ ಬಳಿ ಹೋಗಿ ಕನ್ನಡಕವನ್ನು ಈ ಸಲ ಸರಿಯಾಗಿ ಕಣ್ಣಿಗೇ ಹಾಕಿಕೊಂಡು, ಜೇಡಗಿಡದ ನೇತಾಡುವ ಕಾಂಡಗಳನ್ನು ಒಂದೊಂದಾಗಿ ಬೆರಳಿನಿಂದ ಎತ್ತಿ ನೋಡಿದಳು. ಮರಿ, ಮರಿ, ಮರಿ. ಐದನೆಯ ಕಾಂಡದ ತುದಿಯಲ್ಲಿ ಮರಿ ಇರಲಿಲ್ಲ. ಓರೆಯಾಗಿ, ಒಂದೇ ಏಟಿಗೆ ಕತ್ತರಿಸಿದ ಗುರುತು. ರಸ ಇನ್ನೂ ಒಣಗಿರಲಿಲ್ಲ.

ಹೊಲಿಗೆಯಾಕೆ ಹಿಂದೆಯೇ ಬಂದು ನಿಂತಿದ್ದಳು. ಆ ತುದಿಯನ್ನು ನೋಡಿದಳು. ಆಮೇಲೆ ನಿಧಾನವಾಗಿ ತಿರುಗಿ, ಅಡುಗೆಮನೆಯಲ್ಲಿ ಬೋರಲು ಹಾಕಿದ ಲೋಟಗಳ ಕಡೆ ನೋಡಿದಳು. ಅಲ್ಲಿ ಮೂರಿದ್ದವು. ಬಚ್ಚಲ ಮುಂದಿನ ತಟ್ಟೆಯಲ್ಲಿ ಎರಡು.

“ಲೋಟ,” ಎಂದಳು. ಕಣ್ಣೀರು ಕೆನ್ನೆಯ ಮೇಲೆ ಅಲ್ಲಲ್ಲೇ ನಿಂತಿತ್ತು. “ಮರೀನ ಲೋಟದಲ್ಲಿಟ್ಟು ಯಾರೋ ತಗೊಂಡು ಹೋಗಿದ್ದಾರೆ ಅಮ್ಮ. ‘ಗಡಿಯಾರ ಸಿಗೋವರೆಗೆ ಇದನ್ನ ನೋಡ್ಕೊಳ್ಳಿ’ ಅಂತ ಅವರು ಇನ್ಯಾರಿಗೆ ಹೇಳಿದ್ರು?”